ಮರೆವಿನ ರೋಗ ಮತ್ತು ಮಿದುಳಿನ ಸಂಪರ್ಕಜಾಲ

(ಶತಮಾನೋತ್ಸವದ ಅಂಗವಾಗಿ ನಡೆದ ಹಿರಿಯರ ಕೂಟದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯದ ಶತಮಾನೋತ್ಸವದ ಅಂಗವಾಗಿ ಈ ಕೂಟವನ್ನು ಏರ್ಪಡಿಸಿರುವ ಸಮಿತಿಯವರು ‘ನೆನಪು’ ಎಂಬ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನಮ್ಮನ್ನು ಕೇಳಿಕೊಂಡರು. ನೂರು ವರ್ಷಗಳ ಚರಿತ್ರೆಯನ್ನು ಹೇಳುವೆವೆಂದು ಅವರು ಎಣಿಸಿದ್ದಿರಬಹುದು. ಆ ಕಾರ್ಯಕ್ಕೆ ನಮಗಿಂತ ಬಲ್ಲ ಹಿರಿಯರು ಇಲ್ಲಿಯೇ ಕುಳಿತಿದ್ದಾರೆ. ನಾವಾದರೋ ನೆನಪನ್ನು ಕಳೆದುಕೊಂಡವರನ್ನು ಕುರಿತು ಮಾತನಾಡಲು ಅನುಮತಿ ಬೇಡಿದೆವು. ಅದಕ್ಕೆ ಕಾರಣವಿದೆ. ಇಂದು ಇಲ್ಲಿಗೆ ಬರಬೇಕಾಗಿದ್ದು, ಬರಲಾಗದೆ ಮನೆಯ ಒಳಕೋಣೆಯಲ್ಲಿಯೇ ಉಳಿದಿರುವ ಹಿರಿಯರು ನಮ್ಮ ಧರ್ಮಕೇಂದ್ರದಲ್ಲಿ ಇದ್ದಾರೆ. ಅವರನ್ನು ಕರೆತರಲು ಮನೆಯವರಿಗೆ ಸಂಕೋಚ. “ಅವರಿಗೆ ಅರಳುಮರಳು ಸ್ವಾಮಿ, ನಾಲ್ಕು ಜನರ ಮುಂದೆ ಏನಾದರೂ ಆಡಿಬಿಡುತ್ತಾರೆ” ಎಂಬ ಮಾತನ್ನು ಮನೆಗಳನ್ನು ಸಂದರ್ಶಿಸುವಾಗ ನಾವು ಅನೇಕ ಬಾರಿ ಕೇಳಿದ್ದೇವೆ.

ಮೊದಲು ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳುವುದು ನ್ಯಾಯ. ಹಲವು ವರ್ಷಗಳ ಹಿಂದೆ ನಾವು ಬೇರೊಂದು ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದೆವು. ಅಲ್ಲಿ ಎಂಬತ್ತು ದಾಟಿದ ತಾಯಿಯೊಬ್ಬರು ಪ್ರತಿದಿನವೂ ಪೀಠಕ್ಕೆ ಹೂವು ತಂದಿಡುತ್ತಿದ್ದರು. ಒಂದು ಮುಂಜಾನೆ ಅವರು ಗುರುಮನೆಯ ಬಾಗಿಲಿಗೆ ಬಂದು, “ಪೂಜೆ ಎಷ್ಟು ಗಂಟೆಗೆ ಸ್ವಾಮಿ?” ಎಂದು ಕೇಳಿದರು. ಆರೂವರೆಗೆ ಎಂದು ತಿಳಿಸಿದೆವು. ಐದು ನಿಮಿಷ ಕಳೆಯುವಷ್ಟರಲ್ಲಿ ಮರಳಿ ಬಂದು ಅದನ್ನೇ ಕೇಳಿದರು. ಹೀಗೆ ಆರು ಸಲವಾಯಿತು. ಏಳನೆಯ ಸಲ ನಮ್ಮ ತಾಳ್ಮೆ ತಪ್ಪಿತು. “ಈಗ ತಾನೇ ಹೇಳಲಿಲ್ಲವೇ ಅಮ್ಮಾ? ಎಷ್ಟು ಸಲ ಹೇಳಬೇಕು?” ಎಂದು ಗದರಿದೆವು. ಅವರು ಮರುಮಾತಾಡದೆ ತಲೆಯ ಮೇಲಿನ ಸೆರಗನ್ನು ಎಳೆದುಕೊಂಡು ಹೊರಟುಹೋದರು. ಅಂದು ಮಧ್ಯಾಹ್ನ ಅವರ ಸೊಸೆ ಬಂದು, “ಅತ್ತೆ ಬೆಳಗಿನಿಂದ ಅಳುತ್ತಿದ್ದಾರೆ ಸ್ವಾಮಿ. ಏಕೆಂದು ಕೇಳಿದರೆ ಗೊತ್ತಿಲ್ಲ ಎನ್ನುತ್ತಾರೆ” ಎಂದರು. ನಾವು ಆಡಿದ ಮಾತನ್ನು ಆ ತಾಯಿ ಮರೆತಿದ್ದರು. ಅದರ ಪೆಟ್ಟನ್ನು ಮಾತ್ರ ಮರೆತಿರಲಿಲ್ಲ. ಇದು ಹೇಗೆ ಸಾಧ್ಯ ಎಂಬ ಪ್ರಶ್ನೆ ನಮ್ಮನ್ನು ಬಹುಕಾಲ ಕಾಡಿತು. ಆ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ವೈದ್ಯರನ್ನು ಕೇಳಿ, ಪುಸ್ತಕಗಳನ್ನು ಓದಿ ತಿಳಿದುಕೊಂಡುದನ್ನೇ ಇಂದು ನಿಮ್ಮ ಮುಂದೆ ಇಡುತ್ತೇವೆ.

ಗುರುಮಠದಲ್ಲಿ ಓದುತ್ತಿದ್ದಾಗ ಸಂತ ಅಗಸ್ಟೀನರ ‘ಕನ್ಫೆಷನ್ಸ್’ ಗ್ರಂಥದ ಹತ್ತನೆಯ ಭಾಗವನ್ನು ನಾವು ಅಭ್ಯಾಸ ಮಾಡಿದ್ದೆವು. ನೆನಪೆಂಬುದನ್ನು ಆ ಮಹನೀಯರು ವಿಶಾಲವಾದ ಅರಮನೆಗೂ ಸಂಗ್ರಹಾಲಯಕ್ಕೂ ಹೋಲಿಸಿ ಬರೆದಿದ್ದಾರೆ. ನಾವೂ ಅದನ್ನು ನಮ್ಮ ಹಳ್ಳಿಯ ಕಣಜದಂತೆ ಕಲ್ಪಿಸಿಕೊಂಡಿದ್ದೆವು. ಕಣಜಕ್ಕೆ ಹುಳು ಹಿಡಿದರೆ ಧಾನ್ಯ ಹಾಳಾಗುವಂತೆ, ಮುಪ್ಪಿನಲ್ಲಿ ಮಿದುಳು ಸವೆದರೆ ನೆನಪು ಹಾಳಾಗುತ್ತದೆ ಎಂದು ತಿಳಿದಿದ್ದೆವು. ಇಂದಿನ ವಿಜ್ಞಾನ ನಮಗೆ ಬೇರೊಂದು ಚಿತ್ರವನ್ನು ಕೊಡುತ್ತದೆ. ನೆನಪು ಮಿದುಳಿನ ಒಂದು ಮೂಲೆಯಲ್ಲಿ ಕೂಡಿಟ್ಟ ವಸ್ತುವಲ್ಲ. ಹಲವು ಭಾಗಗಳು ಪರಸ್ಪರ ಸಂಪರ್ಕದಲ್ಲಿದ್ದು ಒಟ್ಟಾಗಿ ನಡೆಸುವ ಕಾರ್ಯವದು. ತಾಯಿಯ ಮುಖ ಒಂದು ಕಡೆ, ಆಕೆಯ ಸ್ವರ ಇನ್ನೊಂದು ಕಡೆ, ಹೆಸರು ಮತ್ತೊಂದು ಕಡೆ. ಇವೆಲ್ಲವೂ ಒಂದಾಗಿ ಬಂದಾಗಲೇ ‘ಅಮ್ಮ’ ಎಂಬ ನೆನಪು. ಆದ್ದರಿಂದ ಕಣಜಕ್ಕಿಂತ ದಾರಿಗಳ ಹೋಲಿಕೆಯೇ ಇಲ್ಲಿ ಹೆಚ್ಚು ಉಚಿತ.

ಈ ರೋಗಕ್ಕೆ ಹೆಸರು ಬಂದ ಬಗೆಯನ್ನು ಸ್ವಲ್ಪ ತಿಳಿಯೋಣ. ೧೯೦೧ರ ನವೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮನೋರೋಗಿಗಳ ಆಸ್ಪತ್ರೆಗೆ ಆಗಸ್ಟೆ ಡೆಟರ್ ಎಂಬ ೫೧ ವರ್ಷದ ಮಹಿಳೆಯನ್ನು ಸೇರಿಸಲಾಯಿತು. ಅಲ್ಲಿನ ವೈದ್ಯ ಅಲೋಯಿಸ್ ಆಲ್ಝೈಮರ್ ಅವರು ಆಕೆಯನ್ನು ದಿನಗಟ್ಟಲೆ ಪ್ರಶ್ನಿಸಿ ಉತ್ತರಗಳನ್ನು ಬರೆದಿಟ್ಟುಕೊಂಡರು. ಹೆಸರು ಬರೆಯಲು ಹೇಳಿದರೆ ‘ಶ್ರೀಮತಿ’ ಎಂಬರ್ಥದ ಮೊದಲ ಪದವನ್ನು ಬರೆದು, ಮುಂದಿನದನ್ನು ಮರೆತು ಆಕೆ ನಿಂತುಬಿಡುತ್ತಿದ್ದರು. ೧೯೦೬ರ ಏಪ್ರಿಲಿನಲ್ಲಿ ಆಕೆ ತೀರಿಕೊಂಡ ಮೇಲೆ ವೈದ್ಯರು ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ನರಕೋಶಗಳ ಹೊರಗೆ ಗಸಿಯಂತಹ ಗಡ್ಡೆಗಳೂ ನರಕೋಶಗಳ ಒಳಗೆ ಸಿಕ್ಕುಬಿದ್ದ ನೂಲಿನಂತಹ ಎಳೆಗಳೂ ಕಂಡುಬಂದವು. ಅದೇ ವರ್ಷ ನವೆಂಬರ್ ೩ರಂದು ಟ್ಯೂಬಿಂಗೆನ್ ನಗರದ ವೈದ್ಯರ ಸಭೆಯಲ್ಲಿ ಅವರು ಇದನ್ನು ಮಂಡಿಸಿದರು. ೧೯೧೦ರಲ್ಲಿ ಪ್ರೊಫೆಸರ್ ಕ್ರೇಪೆಲಿನ್ ಅವರು ತಮ್ಮ ಪಠ್ಯಗ್ರಂಥದಲ್ಲಿ ಈ ರೋಗಕ್ಕೆ ಆಲ್ಝೈಮರ್ ಅವರ ಹೆಸರನ್ನೇ ಇಟ್ಟರು. ಹೊರಗಿನ ಗಡ್ಡೆಗಳು ಅಮೈಲಾಯ್ಡ್ ಎಂಬ ಸಸಾರಜನಕದವು, ಒಳಗಿನ ಸಿಕ್ಕುಗಳು ಟೌ ಎಂಬ ಸಸಾರಜನಕದವು ಎಂಬುದು ೧೯೮೦ರ ದಶಕದಲ್ಲಿ ಖಚಿತವಾಯಿತು.

ಅರವತ್ತಕ್ಕೆ ಅರಳುಮರಳು ಎಂಬ ಗಾದೆ ನಮ್ಮಲ್ಲಿದೆ. ಆಗಸ್ಟೆ ಅವರಿಗೆ ಅರವತ್ತಾಗಿರಲಿಲ್ಲ ಎಂಬುದನ್ನು ಗಮನಿಸಿರಿ. ವಯಸ್ಸಾದಂತೆ ಈ ರೋಗದ ಸಂಭವ ಹೆಚ್ಚುವುದು ನಿಜ; ಆದರೆ ಇದು ಮುಪ್ಪಿನ ಸಹಜ ಲಕ್ಷಣವಲ್ಲ, ರೋಗ. ಮರೆವಿನ ರೋಗಗಳಲ್ಲಿ ನೂರಕ್ಕೆ ೬೦ರಿಂದ ೭೦ ಪಾಲು ಆಲ್ಝೈಮರ್ ರೋಗವೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾರತದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ ೭.೪ ಮಂದಿಗೆ, ಎಂದರೆ ಸುಮಾರು ೮೮ ಲಕ್ಷ ಜನರಿಗೆ, ಒಂದಲ್ಲ ಒಂದು ಬಗೆಯ ಮರೆವಿನ ರೋಗವಿದೆ ಎಂದು ೨೦೨೩ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದು ಅಂದಾಜು ಮಾಡಿತು.

ಇನ್ನು ಮಿದುಳಿನ ದಾರಿಗಳಿಗೆ ಬರೋಣ. ಮನುಷ್ಯನ ಮಿದುಳಿನಲ್ಲಿ ಸುಮಾರು ೮,೬೦೦ ಕೋಟಿ ನರಕೋಶಗಳಿವೆ. ಒಂದೊಂದು ನರಕೋಶವೂ ಸಾವಿರಾರು ಇತರ ಕೋಶಗಳೊಡನೆ ಸೂಕ್ಷ್ಮವಾದ ಸಂಧಿಗಳ ಮೂಲಕ ಸಂಪರ್ಕ ಹೊಂದಿರುತ್ತದೆ. ಈ ಸಂಧಿಗಳಿಗೆ ಸಿನಾಪ್ಸ್ ಎಂದು ಹೆಸರು. ೧೯೯೧ರಲ್ಲಿ ರಾಬರ್ಟ್ ಟೆರಿ ಮತ್ತು ಅವರ ಸಂಗಡಿಗರು ಒಂದು ಮುಖ್ಯ ಸಂಗತಿಯನ್ನು ತೋರಿಸಿದರು: ರೋಗಿಯ ಬುದ್ಧಿಶಕ್ತಿ ಎಷ್ಟು ಕುಂದಿದೆ ಎಂಬುದಕ್ಕೆ ಗಡ್ಡೆಗಳ ಸಂಖ್ಯೆಗಿಂತ ಸಂಧಿಗಳ ನಾಶವೇ ಹೆಚ್ಚು ನಿಕಟವಾಗಿ ತಾಳೆಯಾಗುತ್ತದೆ. ಅದಕ್ಕೂ ಮೊದಲು, ೧೯೮೪ರಲ್ಲಿ, ಅಮೆರಿಕದ ಅಯೋವ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಹಿಪೊಕ್ಯಾಂಪಸ್ ಎಂಬ ಭಾಗವನ್ನು ಪರಿಶೀಲಿಸಿದ್ದರು. ಹೊಸ ನೆನಪು ರೂಪುಗೊಳ್ಳುವುದಕ್ಕೆ ಈ ಭಾಗ ಅತ್ಯಗತ್ಯ. ಇದರೊಳಕ್ಕೆ ಸುದ್ದಿ ತರುವ ಕೋಶಗಳೂ ಇದರಿಂದ ಹೊರಕ್ಕೆ ಸುದ್ದಿ ಒಯ್ಯುವ ಕೋಶಗಳೂ ರೋಗದಲ್ಲಿ ವಿಶೇಷವಾಗಿ ನಾಶವಾಗುತ್ತವೆಂದು ಅವರು ಕಂಡರು. ಊರು ಪೂರ್ತಿಯಾಗಿ ಬಿದ್ದುಹೋಗುವ ಮೊದಲೇ ಊರಿನ ಹೆಬ್ಬಾಗಿಲು ಮುಚ್ಚಿಹೋದಂತೆ, ಹಿಪೊಕ್ಯಾಂಪಸ್ ಉಳಿದ ಮಿದುಳಿನಿಂದ ಬೇರ್ಪಟ್ಟು ಒಂಟಿಯಾಗುತ್ತದೆ. ಆ ತಾಯಿ ಐದು ನಿಮಿಷಕ್ಕೊಮ್ಮೆ ಪೂಜೆಯ ಸಮಯವನ್ನು ಕೇಳಿದ್ದು ಹಟದಿಂದಲ್ಲ, ಅಸಡ್ಡೆಯಿಂದಲೂ ಅಲ್ಲ. ನಮ್ಮ ಉತ್ತರ ಅವರ ಕಿವಿಗೆ ತಲುಪುತ್ತಿತ್ತು, ಅರ್ಥವೂ ಆಗುತ್ತಿತ್ತು. ಒಳಗೆ ನೆಲೆಗೊಳ್ಳುವ ದಾರಿ ಮಾತ್ರ ಮುಚ್ಚಿತ್ತು.

ಜೀವಂತ ಮಿದುಳಿನ ದಾರಿಗಳನ್ನು ನೋಡುವುದು ಸಾಧ್ಯವಾದದ್ದು ಎಂ.ಆರ್.ಐ. ಯಂತ್ರದ ಹೊಸ ವಿಧಾನಗಳಿಂದ. ೧೯೯೫ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಭಾರತ ಮೂಲದ ಭರತ್ ಬಿಸ್ವಾಲ್ ಅವರು ಒಂದು ವಿಶೇಷವನ್ನು ಗುರುತಿಸಿದರು. ಮನುಷ್ಯ ಯಾವ ಕೆಲಸವನ್ನೂ ಮಾಡದೆ ಸುಮ್ಮನೆ ಮಲಗಿದ್ದಾಗಲೂ, ಎಡಗೈಯನ್ನು ಆಡಿಸುವ ಮಿದುಳಿನ ಭಾಗ ಮತ್ತು ಬಲಗೈಯನ್ನು ಆಡಿಸುವ ಭಾಗ ಇವೆರಡರ ನಿಧಾನವಾದ ಏರಿಳಿತಗಳು ಒಂದಕ್ಕೊಂದು ಹೊಂದಿಕೊಂಡು ಸಾಗುತ್ತಿದ್ದವು. ದೂರದಲ್ಲಿರುವ ಇಬ್ಬರು ಗಾಯಕರು ಒಂದೇ ತಾಳಕ್ಕೆ ಹಾಡಿದರೆ ಅವರ ನಡುವೆ ಸಂಬಂಧವಿದೆಯೆಂದು ನಾವು ಊಹಿಸುವುದಿಲ್ಲವೇ? ಹಾಗೆಯೇ, ಒಟ್ಟಿಗೆ ಏರಿಳಿಯುವ ಭಾಗಗಳು ಒಂದೇ ಜಾಲಕ್ಕೆ ಸೇರಿದವೆಂದು ವಿಜ್ಞಾನಿಗಳು ತಿಳಿಯತೊಡಗಿದರು. ೨೦೦೧ರಲ್ಲಿ ಸೇಂಟ್ ಲೂಯಿಯ ಮಾರ್ಕಸ್ ರೈಕ್ಲ್ ಅವರು ಇನ್ನೊಂದು ವಿಚಾರವನ್ನು ಮುಂದಿಟ್ಟರು. ಹೊರಗಿನ ಕೆಲಸವಿಲ್ಲದಾಗ ಮಿದುಳಿನ ಕೆಲವು ಭಾಗಗಳು ಹೆಚ್ಚು ಚಟುವಟಿಕೆಯಿಂದಿರುತ್ತವೆ. ಕಳೆದುದನ್ನು ನೆನೆಯುವುದು, ನಾಳೆಯನ್ನು ಕಲ್ಪಿಸುವುದು, ‘ನಾನು ಯಾರು’ ಎಂದು ತನ್ನನ್ನೇ ಕುರಿತು ಚಿಂತಿಸುವುದು ಇವುಗಳೊಂದಿಗೆ ಆ ಭಾಗಗಳಿಗೆ ನಿಕಟ ಸಂಬಂಧವಿದೆ. ಇದನ್ನು ಡೀಫಾಲ್ಟ್ ಮೋಡ್ ನೆಟ್‌ವರ್ಕ್ ಎನ್ನುತ್ತಾರೆ. ನಾವಿಲ್ಲಿ ವಿಶ್ರಾಂತಿ ಜಾಲವೆಂದು ಕರೆಯೋಣ.

ಆಲ್ಝೈಮರ್ ರೋಗದಲ್ಲಿ ಸಡಿಲಗೊಳ್ಳುವುದು ಮುಖ್ಯವಾಗಿ ಈ ವಿಶ್ರಾಂತಿ ಜಾಲವೇ. ೨೦೦೪ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾನಿಲಯದ ಮೈಕೆಲ್ ಗ್ರೈಷಿಯಸ್ ಮತ್ತು ಸಂಗಡಿಗರು, ಆರೋಗ್ಯವಂತ ವೃದ್ಧರೊಡನೆ ಹೋಲಿಸಿದಾಗ ರೋಗಿಗಳಲ್ಲಿ ಮಿದುಳಿನ ಹಿಂಭಾಗದ ನಡುವೆ ಇರುವ ಒಂದು ಕೇಂದ್ರಕ್ಕೂ ಹಿಪೊಕ್ಯಾಂಪಸ್‌ಗೂ ಇರುವ ಹೊಂದಾಣಿಕೆ ಕುಂದಿರುವುದನ್ನು ತೋರಿಸಿದರು. ಮರುವರ್ಷವೇ ರ್‍ಯಾಂಡಿ ಬಕ್ನರ್ ಮತ್ತು ಸಂಗಡಿಗರು ಅಮೈಲಾಯ್ಡ್ ಗಡ್ಡೆಗಳು ಕೂಡುವ ಸ್ಥಳಗಳ ನಕ್ಷೆಯನ್ನು ಈ ಜಾಲದ ನಕ್ಷೆಯ ಪಕ್ಕದಲ್ಲಿಟ್ಟು ನೋಡಿದರು. ಎರಡೂ ಬಹುಮಟ್ಟಿಗೆ ಹೊಂದಿಕೊಂಡವು.

ಇದನ್ನು ತಿಳಿಯಲು ಅರಸೀಕೆರೆಯ ರೈಲು ಜಂಕ್ಷನ್ನನ್ನು ನೆನೆಯಿರಿ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ದಾರಿಯೂ ಹಾಸನ, ಮೈಸೂರುಗಳ ಕಡೆಗೆ ತಿರುಗುವ ದಾರಿಯೂ ಅಲ್ಲಿ ಕೂಡುತ್ತವೆ. ಯಾವುದೋ ಸಣ್ಣ ನಿಲ್ದಾಣ ಮುಚ್ಚಿದರೆ ಆ ಊರಿನವರಿಗಷ್ಟೇ ತೊಂದರೆ. ಅರಸೀಕೆರೆಯಲ್ಲಿ ಹಳಿ ಕೆಟ್ಟರೆ, ಹುಬ್ಬಳ್ಳಿಯೂ ಮೈಸೂರೂ ತಮ್ಮ ತಮ್ಮ ಸ್ಥಳದಲ್ಲಿ ಕ್ಷೇಮವಾಗಿದ್ದರೂ ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದವರು ಸುತ್ತುದಾರಿಯನ್ನು ಹಿಡಿಯಬೇಕು. ಮಿದುಳಿನಲ್ಲಿಯೂ ಇಂತಹ ಜಂಕ್ಷನ್ನುಗಳಿವೆ. ಬಹುಪಾಲು ಸಂಪರ್ಕಗಳು ಕೂಡುವ ಈ ಕೇಂದ್ರಗಳಲ್ಲಿಯೇ ಅಮೈಲಾಯ್ಡ್ ಹೆಚ್ಚಾಗಿ ಸೇರುತ್ತದೆಂದು ೨೦೦೯ರಲ್ಲಿ ಬಕ್ನರ್ ಮತ್ತು ಸಂಗಡಿಗರು ಪ್ರಕಟಿಸಿದರು. ಸಂಧಿಗಳು ಹೆಚ್ಚು ದುಡಿದಷ್ಟೂ ಅಮೈಲಾಯ್ಡ್ ಹೆಚ್ಚು ಹೊರಬೀಳುವುದು ಇಲಿಗಳ ಮೇಲಿನ ಪ್ರಯೋಗದಲ್ಲಿ ಕಂಡಿದೆ. ಸದಾ ದುಡಿಯುವ ಕೇಂದ್ರಗಳೇ ಮೊದಲು ಬಳಲುವುದಕ್ಕೆ ಇದೂ ಒಂದು ಕಾರಣವಿರಬಹುದು. ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆದ ನೆದರ್ಲೆಂಡ್ಸ್‌ನ ವಿಜ್ಞಾನಿಗಳೂ ೨೦೦೭ರಲ್ಲಿ ಇಂತಹುದನ್ನೇ ಕಂಡರು. ರೋಗಿಗಳ ಮಿದುಳಿನಲ್ಲಿ ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವ ದಾರಿ ಸರಾಸರಿಯಲ್ಲಿ ಹೆಚ್ಚು ಉದ್ದವಾಗಿತ್ತು. ಮೊಮ್ಮಗನ ಹೆಸರು ಬೆಳಿಗ್ಗೆ ಬಾರದೆ ಸಂಜೆ ತಾನಾಗಿ ನಾಲಿಗೆಗೆ ಬಂದರೆ ‘ಬೇಕೆಂದೇ ನಟಿಸುತ್ತಾರೆ’ ಎಂದು ಮನೆಯವರು ಸಂಶಯಪಡುವುದುಂಟು. ನಟನೆ ಎಂಬ ಆ ಸಂಶಯವನ್ನು ದಯವಿಟ್ಟು ಬಿಡಿರಿ. ನೇರ ದಾರಿ ಕೆಟ್ಟವರ ನೆನಪು ಒಂದು ವೇಳೆಯಲ್ಲಿ ದಾರಿ ಕಂಡು, ಇನ್ನೊಂದು ವೇಳೆಯಲ್ಲಿ ಕಾಣದೆ ಹೋಗುವುದರಲ್ಲಿ ಆಶ್ಚರ್ಯವಿಲ್ಲ.

ಇಲ್ಲೊಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಈ ಚಿತ್ರಗಳು ಅನೇಕ ರೋಗಿಗಳ ಸರಾಸರಿಯನ್ನು ತೋರಿಸುತ್ತವೆ. ಒಬ್ಬರ ಜಾಲದ ಚಿತ್ರವನ್ನಷ್ಟೇ ನೋಡಿ ಇವರಿಗೆ ಈ ರೋಗವಿದೆಯೆಂದು ವೈದ್ಯರು ತೀರ್ಮಾನಿಸುವುದಿಲ್ಲ. ಎಲ್ಲ ಸಂಪರ್ಕಗಳೂ ಒಂದೇ ಸಮನೆ ಕುಂದುವುದೂ ಇಲ್ಲ. ರೋಗದ ಆರಂಭದಲ್ಲಿ ಕೆಲವು ಸಂಪರ್ಕಗಳು ಹೆಚ್ಚುವುದೂ ಉಂಟು. ಅದು ಮಿದುಳು ಮಾಡಿಕೊಳ್ಳುವ ಪರ್ಯಾಯ ವ್ಯವಸ್ಥೆಯೋ ರೋಗದ್ದೇ ಒಂದು ಲಕ್ಷಣವೋ ಎಂಬ ಚರ್ಚೆ ಇನ್ನೂ ನಡೆದಿದೆ.

ಈ ಹೆಚ್ಚುವ ಸಂಪರ್ಕಗಳ ವಿಚಾರವೇ ನಮ್ಮನ್ನು ಆ ತಾಯಿಯ ಕಣ್ಣೀರಿನ ಬಳಿಗೆ ಮರಳಿ ಕರೆತರುತ್ತದೆ. ಮಿದುಳಿನಲ್ಲಿ ಸೇಲಿಯೆನ್ಸ್ ನೆಟ್‌ವರ್ಕ್ ಎಂಬ ಇನ್ನೊಂದು ಜಾಲವಿದೆ. ಎದುರಿಗಿರುವುದರಲ್ಲಿ ಯಾವುದು ತನಗೆ ಮುಖ್ಯ, ಯಾವುದು ಹಿತ, ಯಾವುದು ಅಪಾಯ ಎಂಬುದನ್ನು ಗುರುತಿಸಿ ದೇಹವನ್ನೂ ಭಾವನೆಯನ್ನೂ ಎಚ್ಚರಿಸುವುದು ಅದರ ಕೆಲಸ. ೨೦೧೦ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಿಜ್ಞಾನಿಗಳು, ಆಲ್ಝೈಮರ್ ರೋಗಿಗಳಲ್ಲಿ ವಿಶ್ರಾಂತಿ ಜಾಲ ಸಡಿಲವಾಗಿರುವಾಗ ಈ ಎಚ್ಚರಿಕೆಯ ಜಾಲದ ಸಂಪರ್ಕ ಬಲವಾಗಿರುವುದನ್ನು ಕಂಡರು. ಅದೇ ನಗರದ ಇನ್ನೊಂದು ಅಧ್ಯಯನ ೨೦೧೩ರಲ್ಲಿ ಪ್ರಕಟವಾಯಿತು. ಸುತ್ತಲಿನವರ ಭಾವನೆ ತಮಗೂ ಅಂಟಿಕೊಳ್ಳುವುದು ಈ ರೋಗಿಗಳಲ್ಲಿ ಆರೋಗ್ಯವಂತರಿಗಿಂತ ಹೆಚ್ಚು ಎಂದು ಅದು ತೋರಿಸಿತು. ೨೦೧೪ರಲ್ಲಿ ಅಯೋವದ ಸಂಶೋಧಕರು ರೋಗಿಗಳಿಗೆ ದುಃಖದ ಮತ್ತು ಸಂತೋಷದ ಚಲನಚಿತ್ರಗಳ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿನಲ್ಲಿಯೇ ಚಿತ್ರದಲ್ಲಿ ಏನಿತ್ತೆಂಬುದು ಅವರಿಗೆ ಬಹುಮಟ್ಟಿಗೆ ಮರೆತುಹೋಯಿತು. ದುಃಖವೂ ಸಂತೋಷವೂ ಮಾತ್ರ ಮನಸ್ಸಿನಲ್ಲಿ ಉಳಿದವು. ಅದರಲ್ಲಿಯೂ ಕಡಿಮೆ ನೆನಪಿದ್ದವರಲ್ಲಿ ದುಃಖ ಹೆಚ್ಚು ಕಾಲ ಉಳಿಯಿತು.

ಒಬ್ಬ ವ್ಯಕ್ತಿಯ ಕಣ್ಣೀರಿಗೆ ಇಂತಹುದೇ ಸಂಪರ್ಕ ಕಾರಣವೆಂದು ಬೆರಳಿಟ್ಟು ತೋರಿಸಲಾಗದು. ಆದರೂ ಈ ಅಧ್ಯಯನವನ್ನು ಓದಿದ ದಿನ ನಾವು ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತೆವು. ನಮಗೆ ಯಾರಾದರೂ ಗದರಿದರೆ, ಅವರಿಗೆ ಬೇಸರವಿತ್ತು, ನನ್ನದೂ ತಪ್ಪಿತ್ತು ಎಂದು ಕಾರಣವನ್ನು ಹುಡುಕಿ ಸಮಾಧಾನಪಟ್ಟುಕೊಳ್ಳುತ್ತೇವೆ. ಕಾರಣ ಮರೆತುಹೋದವರಿಗೆ ಆ ಸಮಾಧಾನವೂ ಇಲ್ಲ. ದುಃಖವಿದೆ, ಅದು ಎಲ್ಲಿಂದ ಬಂತೆಂಬುದು ಗೊತ್ತಿಲ್ಲ. ‘ಹೇಗೂ ಮರೆಯುತ್ತಾರೆ’ ಎಂದುಕೊಂಡು ನಾವು ಆಡುವ ಒರಟು ಮಾತು ಅವರ ಪಾಲಿಗೆ ಮರೆಯಲಾಗದ ಮಾತಿಗಿಂತಲೂ ಕ್ರೂರವಾಗಬಹುದು. ಹಾಗೆಯೇ ನಾವು ಕೊಡುವ ಹತ್ತು ನಿಮಿಷದ ಸಂತೋಷವೂ ವ್ಯರ್ಥವಲ್ಲ. ‘ನಾವು ಹೋದದ್ದೇ ಅವರಿಗೆ ನೆನಪಿರುವುದಿಲ್ಲ, ಹೋಗಿ ಏನು ಪ್ರಯೋಜನ?’ ಎಂದು ಕೇಳುವವರಿಗೆ ಇದೇ ಉತ್ತರ.

ಸಂಗೀತದ ಬಗೆಗೂ ಹೀಗೊಂದು ಸಂಗತಿಯಿದೆ. ಬಹುಕಾಲದಿಂದ ಬಲ್ಲ ಹಾಡುಗಳನ್ನು ಗುರುತಿಸುವ ಮಿದುಳಿನ ಭಾಗಗಳು ಆಲ್ಝೈಮರ್ ರೋಗದಲ್ಲಿ ಇತರ ಭಾಗಗಳಿಗಿಂತ ತಡವಾಗಿ ಸವೆಯುತ್ತವೆಂದು ೨೦೧೫ರಲ್ಲಿ ಯುರೋಪಿನ ವಿಜ್ಞಾನಿಗಳು ತೋರಿಸಿದರು. ಮಕ್ಕಳ ಹೆಸರು ಬಾರದ ಅಜ್ಜಿಯೊಬ್ಬರು ಜಪಸರ ಕೈಗಿತ್ತೊಡನೆ ‘ನಮೋ ಮರಿಯಾ’ ಪ್ರಾರ್ಥನೆಯನ್ನು ತಡವರಿಸದೆ ಹೇಳುವುದನ್ನು, ಹಳೆಯ ಕ್ರಿಸ್ಮಸ್ ಹಾಡಿಗೆ ತುಟಿಯಾಡಿಸುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಬಾಲ್ಯದಿಂದ ಸಾವಿರ ಸಲ ಹೇಳಿದ ಮಾತು ನಿನ್ನೆ ಕೇಳಿದ ಮಾತಿನ ದಾರಿಯನ್ನು ಅವಲಂಬಿಸಿರುವುದಿಲ್ಲ.

ಈ ರೋಗದ ಅಧ್ಯಯನಕ್ಕೆ ನಮ್ಮ ಧರ್ಮಸಭೆಯ ಕನ್ಯಾಸ್ತ್ರೀಯರು ಸಲ್ಲಿಸಿದ ಸೇವೆಯನ್ನು ಈ ಕೂಟದಲ್ಲಿ ಸ್ಮರಿಸದಿದ್ದರೆ ತಪ್ಪಾದೀತು. ೧೯೮೬ರಲ್ಲಿ ಡೇವಿಡ್ ಸ್ನೋಡನ್ ಎಂಬ ವಿಜ್ಞಾನಿ ಅಮೆರಿಕದ ‘ಸ್ಕೂಲ್ ಸಿಸ್ಟರ್ಸ್ ಆಫ್ ನೋತ್ರ್ ದಾಮ್’ ಸಭೆಯ ಮಠವೊಂದರಲ್ಲಿ ಅಧ್ಯಯನವನ್ನು ಆರಂಭಿಸಿದರು. ಮುಂದೆ ೭೫ ವರ್ಷ ದಾಟಿದ ೬೭೮ ಸಹೋದರಿಯರು ಇದರಲ್ಲಿ ಭಾಗವಹಿಸಿ, ವರ್ಷವರ್ಷವೂ ಪರೀಕ್ಷೆಗೆ ಒಳಗಾಗಿ, ಮರಣದ ನಂತರ ತಮ್ಮ ಮಿದುಳನ್ನು ದಾನಮಾಡಲು ಒಪ್ಪಿದರು. ಮಿದುಳಿನಲ್ಲಿ ಗಡ್ಡೆಗಳೂ ಸಿಕ್ಕುಗಳೂ ತುಂಬಿದ್ದರೂ ಕೆಲವು ಸಹೋದರಿಯರು ಕೊನೆಯವರೆಗೂ ಚುರುಕಾಗಿದ್ದುದು ತಿಳಿದುಬಂತು. ಗಡ್ಡೆಗಳ ಜೊತೆಗೆ ಸಣ್ಣ ರಕ್ತನಾಳಗಳು ಕಟ್ಟಿಕೊಂಡು ಆದ ಗಾಯಗಳೂ ಇದ್ದವರಲ್ಲಿ ಮಾತ್ರ ಮರೆವಿನ ರೋಗ ಬಹಳ ಹೆಚ್ಚಾಗಿ ಕಾಣಿಸಿಕೊಂಡಿತ್ತು. ೧೯೯೦ರ ದಶಕದಲ್ಲಿ ಶಿಕಾಗೋದ ರಷ್ ವೈದ್ಯಕೇಂದ್ರ ಆರಂಭಿಸಿದ ಇನ್ನೊಂದು ಅಧ್ಯಯನದಲ್ಲಿ ಕನ್ಯಾಸ್ತ್ರೀಯರೊಂದಿಗೆ ಗುರುಗಳೂ ಸಹೋದರರೂ ಸೇರಿದರು. ರೋಗದ ಪ್ರಮಾಣ ಒಂದೇ ಆದರೂ ಪರಿಣಾಮ ಒಂದೇ ಅಲ್ಲ ಎಂಬುದು ಇಂತಹ ಅಧ್ಯಯನಗಳಿಂದ ದೃಢವಾಯಿತು. ದಾರಿಗಳು ಹೆಚ್ಚಿರುವ ಊರಿಗೆ ಒಂದು ಸೇತುವೆ ಬಿದ್ದರೂ ಸಂಚಾರ ನಿಲ್ಲುವುದಿಲ್ಲವಷ್ಟೇ.

ಅಂತಹ ದಾರಿಗಳನ್ನು ಹೆಚ್ಚಿಸುವುದು ಯಾವುದು? ೨೦೧೩ರಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ೬೪೮ ಮರೆವಿನ ರೋಗಿಗಳನ್ನು ಪರಿಶೀಲಿಸಿ, ಎರಡು ಅಥವಾ ಹೆಚ್ಚು ಭಾಷೆಗಳನ್ನಾಡುವವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತೆಂದು ವರದಿ ಮಾಡಿದರು. ಅನಕ್ಷರಸ್ಥರಲ್ಲಿಯೂ ಇದು ನಿಜವಾಗಿತ್ತು. ಮುಂದೆ ಅವರು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ಕ್ಷೇತ್ರದ ಕೆಲಸವನ್ನು ಮುಂದುವರಿಸಿದರು. ಎಲ್ಲ ದೇಶಗಳ ಅಧ್ಯಯನಗಳೂ ಇದೇ ಫಲಿತಾಂಶವನ್ನು ಕೊಟ್ಟಿಲ್ಲವಾದರೂ, ದೇವಾಲಯದಲ್ಲಿ ಕನ್ನಡ, ಮನೆಯಲ್ಲಿ ತಮಿಳೋ ಕೊಂಕಣಿಯೋ ಆಡುವ ನಮ್ಮ ಕುಟುಂಬಗಳಿಗೆ ಇದು ಸಂತೋಷದ ಸುದ್ದಿ. ೨೦೦೬ರಲ್ಲಿ ರಷ್ ಕೇಂದ್ರದಿಂದ ಬಂದ ಇನ್ನೊಂದು ವರದಿ ನಮ್ಮ ಮನಸ್ಸನ್ನು ವಿಶೇಷವಾಗಿ ಸೆಳೆಯಿತು. ಮಿದುಳಿನಲ್ಲಿ ರೋಗ ಒಂದೇ ಪ್ರಮಾಣದಲ್ಲಿದ್ದಾಗ, ಹೆಚ್ಚು ಬಂಧುಮಿತ್ರರ ಒಡನಾಟವಿದ್ದ ವೃದ್ಧರ ಬುದ್ಧಿಶಕ್ತಿ ಒಂಟಿಯಾಗಿದ್ದವರಿಗಿಂತ ಹೆಚ್ಚು ಉಳಿದಿತ್ತು. ಒಳಗಿನ ಜಾಲ ಸಡಿಲವಾದಾಗ ಹೊರಗಿನ ಜಾಲ ಸ್ವಲ್ಪವಾದರೂ ಆಸರೆಯಾಗುತ್ತದೆಂದು ಅದನ್ನು ನಾವು ಓದಿಕೊಂಡೆವು. ನಾವೋ ರೋಗಿಯನ್ನು ಒಳಕೋಣೆಗೆ ಸೇರಿಸಿ, ಆ ಹೊರಗಿನ ಜಾಲವನ್ನೂ ನಮ್ಮ ಕೈಯಾರೆ ಕತ್ತರಿಸುತ್ತಿದ್ದೇವೆ.

ಔಷಧಿಗಳಿಲ್ಲವೇ ಎಂದು ನೀವು ಕೇಳಬಹುದು. ಲಕ್ಷಣಗಳನ್ನು ಕೆಲಕಾಲ ತಗ್ಗಿಸುವ ಮಾತ್ರೆಗಳು ೧೯೯೦ರ ದಶಕದಿಂದ ಬಳಕೆಯಲ್ಲಿವೆ. ಅಮೈಲಾಯ್ಡನ್ನು ತೆಗೆದುಹಾಕುವ ಲೆಕಾನೆಮ್ಯಾಬ್ ಎಂಬ ಔಷಧಿಗೆ ೨೦೨೩ರಲ್ಲಿಯೂ ಡೊನಾನೆಮ್ಯಾಬ್ ಎಂಬುದಕ್ಕೆ ೨೦೨೪ರಲ್ಲಿಯೂ ಅಮೆರಿಕದಲ್ಲಿ ಪೂರ್ಣ ಅನುಮತಿ ದೊರೆಯಿತು. ಇವು ರೋಗದ ಆರಂಭದಲ್ಲಿ ಮಾತ್ರ ಉಪಯುಕ್ತ. ರೋಗದ ನಡಿಗೆಯನ್ನು ಸ್ವಲ್ಪ ನಿಧಾನಿಸುತ್ತವೆ, ನಿಲ್ಲಿಸುವುದಿಲ್ಲ. ಮಿದುಳಿನಲ್ಲಿ ಊತ, ರಕ್ತಸ್ರಾವಗಳ ಅಪಾಯವೂ ಇದೆ. ಪೂರ್ಣ ಗುಣಪಡಿಸುವ ಔಷಧಿ ಇನ್ನೂ ಬಂದಿಲ್ಲ. ಆದರೆ ೨೦೨೪ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯ ತಜ್ಞರ ಮಂಡಲಿಯು, ರಕ್ತದೊತ್ತಡ, ಮಧುಮೇಹ, ಧೂಮಪಾನ, ಅತಿಯಾದ ಮದ್ಯಪಾನ, ಕಿವುಡು, ದೃಷ್ಟಿದೋಷ, ಖಿನ್ನತೆ, ಒಂಟಿತನ ಮೊದಲಾದ ೧೪ ಅಪಾಯಗಳನ್ನು ನಿವಾರಿಸಿದರೆ ಮರೆವಿನ ರೋಗಗಳಲ್ಲಿ ನೂರಕ್ಕೆ ೪೫ರಷ್ಟನ್ನು ತಡೆಯುವ ಅಥವಾ ಮುಂದೂಡುವ ಸಾಧ್ಯತೆಯಿದೆಯೆಂದು ಅಂದಾಜು ಮಾಡಿತು.

ಆದ್ದರಿಂದ ನಮ್ಮ ಕುಟುಂಬಗಳಲ್ಲಿ ಕೆಲವು ವಿನಂತಿಗಳು. ಮರೆವು ದಿನನಿತ್ಯದ ಬಾಳಿಗೆ ಅಡ್ಡಿಯಾಗತೊಡಗಿದರೆ ‘ವಯಸ್ಸಾಯಿತು’ ಎಂದು ಸುಮ್ಮನಾಗದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಬಿ-೧೨ ಜೀವಸತ್ವದ ಕೊರತೆ, ಥೈರಾಯ್ಡ್ ದೋಷ, ಖಿನ್ನತೆ, ಕೆಲವು ಔಷಧಿಗಳ ಪರಿಣಾಮ ಇವುಗಳಿಂದಲೂ ಮರೆವು ಬರುತ್ತದೆ, ಇವಕ್ಕೆ ಚಿಕಿತ್ಸೆಯಿದೆ. ಕಿವಿ ಕೇಳಿಸದ ಹಿರಿಯರಿಗೆ ಶ್ರವಣಯಂತ್ರ ಕೊಡಿಸಿರಿ. ಮನೆಗೆ ಬಂದವರೆಲ್ಲರೂ ರೋಗಿಯ ಮುಂದೆ ನಿಂತು, “ನಾನು ಯಾರು ಹೇಳಿ ನೋಡೋಣ” ಎಂದು ಪರೀಕ್ಷಿಸುವ ಪದ್ಧತಿಯನ್ನು ಬಿಟ್ಟುಬಿಡಿರಿ. ಅದರ ಬದಲು, “ಅಮ್ಮಾ, ನಾನು ನಿಮ್ಮ ತಂಗಿಯ ಮಗ ಬಂದಿದ್ದೇನೆ” ಎಂದು ನೀವೇ ಹೇಳಿ ಕೈ ಹಿಡಿದುಕೊಳ್ಳಿರಿ. ಹತ್ತನೆಯ ಸಲ ಕೇಳಿದ ಪ್ರಶ್ನೆಗೆ ಮೊದಲನೆಯ ಸಲದ ದನಿಯಲ್ಲಿಯೇ ಉತ್ತರಿಸಿರಿ. ಕೇಳುವವರಿಗೆ ಅದು ಮೊದಲನೆಯ ಸಲವೇ ಆಗಿರುತ್ತದೆ. ಹಗಲಿರುಳು ಸೇವೆ ಮಾಡುತ್ತಿರುವ ಸೊಸೆಯನ್ನೂ ಮಗಳನ್ನೂ ಮರೆಯಬೇಡಿರಿ. ಭಾನುವಾರದ ಪೂಜೆಗೂ ಬಿಡುವಿಲ್ಲದ ಅಂತಹ ಸಹೋದರಿಯರು ನಮ್ಮಲ್ಲಿಯೇ ಇದ್ದಾರೆ. ಯುವಕ ಯುವತಿಯರು ಸರದಿಯ ಮೇಲೆ ಎರಡು ಗಂಟೆ ಆ ಮನೆಯಲ್ಲಿ ಕುಳಿತರೆ ಆಕೆ ನಿಶ್ಚಿಂತೆಯಿಂದ ದೇವಾಲಯಕ್ಕೆ ಬರಬಹುದು. ಬರೆದುಕೊಳ್ಳಲು ಗುರುಮನೆಯಲ್ಲಿ ಒಂದು ಪುಸ್ತಕವನ್ನು ಇಟ್ಟಿದ್ದೇವೆ. ಇಂದೇ ನಾಲ್ಕು ಹೆಸರುಗಳಾದರೂ ಅದರಲ್ಲಿ ಸೇರಲಿ.

ಆ ತಾಯಿಯ ಕಥೆಯನ್ನು ಮುಗಿಸಿ ನಮ್ಮ ಮಾತನ್ನೂ ಮುಗಿಸುತ್ತೇವೆ. ಸೊಸೆ ಬಂದು ಹೇಳಿದ ದಿನವೇ ನಾವು ಅವರ ಮನೆಗೆ ಹೋಗಿ ಕ್ಷಮೆ ಬೇಡಿದೆವು. ಯಾವುದಕ್ಕೆ ಎಂದು ಅವರಿಗೆ ತಿಳಿಯಲಿಲ್ಲ. ಮುಂದೆ ಸುಮಾರು ದಿನ ನಮ್ಮನ್ನು ಕಂಡರೆ ಹಿಂದೆ ಸರಿಯುತ್ತಿದ್ದರು. ಆಮೇಲೆ ನಾವು ಪ್ರತಿದಿನ ಬ���ಗಿಲಲ್ಲಿ ಕಾದಿದ್ದು, ಅವರು ಕೇಳುವ ಮೊದಲೇ, “ಬನ್ನಿ ಅಮ್ಮಾ, ಪೂಜೆ ಆರೂವರೆಗೆ, ಹೂವು ತಂದಿರಾ?” ಎಂದು ಕೈ ಮುಂದೆ ಮಾಡುತ್ತಿದ್ದೆವು. ಕೆಲವು ವಾರಗಳ ಮೇಲೆ ಹಿಂಜರಿಕೆ ಹೋಯಿತು. ನಮ್ಮ ಹೆಸರು ಅವರಿಗೆ ಮತ್ತೆಂದೂ ನೆನಪಾಗಲಿಲ್ಲ. ಹೂವನ್ನು ಮಾತ್ರ ನಗುತ್ತ ನಮ್ಮ ಕೈಗೇ ಕೊಡುತ್ತಿದ್ದರು. ಕೊನೆಯ ವರ್ಷದಲ್ಲಿ ತಮ್ಮ ಹೆಸರನ್ನೂ ಮರೆತರು. ಅವರು ತೀರಿಕೊಂಡಾಗ ನಾವು ದೇವಾಲಯದ ಹಳೆಯ ಜ್ಞಾನಸ್ನಾನದ ದಾಖಲೆ ಪುಸ್ತಕವನ್ನು ತೆರೆದು ನೋಡಿದೆವು. ಎಂಬತ್ತು ವರ್ಷಗಳಿಗೂ ಹಿಂದೆ ಯಾರೋ ಗುರುಗಳು ಮಸಿಯಲ್ಲಿ ಬರೆದ ಅವರ ಹೆಸರು, ತಾಯಿತಂದೆಯರ ಹೆಸರು, ಜ್ಞಾನಪೋಷಕರ ಹೆಸರು ಅಲ್ಲಿ ಸ್ಪಷ್ಟವಾಗಿತ್ತು.

ಈ ದೇವಾಲಯದಲ್ಲಿಯೂ ನೂರು ವರ್ಷಗಳ ಅಂತಹ ಪುಸ್ತಕಗಳಿವೆ. ಅವುಗಳಲ್ಲಿರುವ ಹೆಸರಿನವರಲ್ಲಿ ಕೆಲವರು ಇಂದು ತಮ್ಮ ಹೆಸರನ್ನು ತಾವೇ ಹೇಳಲಾರರು. ಅವರ ಪರವಾಗಿ ಹೇಳುವುದು ನಮ್ಮ ಕೆಲಸ. ಮುಂದಿನ ಭಾನುವಾರ ಅವರನ್ನು ಒಳಕೋಣೆಯಿಂದ ಕರೆತಂದು ಅವರು ವರ್ಷಗಟ್ಟಲೆ ಕುಳಿತಿದ್ದ ಬೆಂಚಿನಲ್ಲಿಯೇ ಕೂರಿಸಿರಿ. ಪೂಜೆಯ ನಡುವೆ ಏನಾದರೂ ಮಾತನಾಡಿದರೆ ಮಾತನಾಡಲಿ. ನಮಗೆ ಅದರಿಂದ ಅಡ್ಡಿಯಿಲ್ಲ.